ಆಸಿಡ್ ಫ್ರೀ ಕಾಗದ, ಸೋದರಮಾವನ ಮೂಗು

ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಜಿಎಸ್‌ಎಂ ಸಾರ್? ಅಂದರೆ ಕಾಗದ ಎಷ್ಟು ತೂಕದ್ದು ಅಂತ. ಮದುವೆ ಯಾವಾಗ ಸಾರ್? ಲಗ್ನಪತ್ರಿಕೆಗಲ್ಲಪ್ಪ, ಸೈನೋಟೈಪ್‌ಗೆ ಅಂದರೆ, ಅದು ಯಾವ ಕಂಪನಿ ಪ್ರಿಂಟರು ಅಂತ ಮೂರನೆಯದು ಹುಟ್ಟುತ್ತದೆ.

ಪ್ರಿಂಟರೇ ಬೇಡದ ಪ್ರಿಂಟು ಇದು. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿಲೀ ನೀರಿಗೆ 25 ಗ್ರಾಂ, ಪೊಟ್ಯಾಸಿಯಂ ಫೆರಿಸೈನೈಡ್ ಇನ್ನೊಂದು 100 ಮಿಲೀಗೆ 10 ಗ್ರಾಂ, ಬಳಸುವ ಹೊತ್ತಿಗೆ ಎರಡನ್ನೂ ಸಮಸಮ ಬೆರೆಸಿ, ಮಂಕು ಬೆಳಕಿನಲ್ಲಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು, ಗಾಜು ಒತ್ತಿ, ಬಿಸಿಲಿಗೆ ಹಿಡಿದು, ಆಮೇಲೆ ಬರೀ ನೀರಲ್ಲಿ ತೊಳೆದರೆ ಫೋಟೋ. ನೀಲಿ ಫೋಟೋ. ಕೇಳೋಕೆ ಇಷ್ಟೇ.

ಡಬ್ಬಿ ಕೊರಿಯರ್‌ನಲ್ಲಿ ಬಂದಾಗ ಲೇಬಲ್ ಓದಿದ್ದು ಅಮ್ಮ. ಹೆಸರಿನ ಹಿಂಭಾಗ ಮಾತ್ರ ಓದಿದರು. ಅದರಲ್ಲಿರೋ ಸೈನೈಡು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೆ ಅಮ್ಮ, ಸುಮ್ನೆ ಬಿಟ್ಟು ಬರೋದಿಲ್ಲ, ಬಲವಾದ ಆಸಿಡ್ ಸುರಿಯಬಾರದು, ಕಾಯಿಸಬಾರದು ಅಷ್ಟೆ, ಅಂದೆ. ಅವರಿಗೆ "ಕಾಯಿಸಬಾರದು" ಮಾತ್ರ ಕೇಳಿಸಿತು. ಈಗ ನಾನು ಕಾಫಿ ಬಿಸಿ ಮಾಡಿಕೊಳ್ಳಲು ಹೋದರೂ ಹಿಂದೆಯೇ ಬಂದು ನಿಲ್ಲುತ್ತಾರೆ. ಚಮಚಗಳನ್ನೆಲ್ಲ ಎತ್ತಿಟ್ಟಿದ್ದಾರೆ. ಅದು ಸರಿಯೇ, ಈ ಕೆಲಸದ ಚಮಚ ಅಡುಗೆಗೆ ವಾಪಸ್ ಹೋಗಬಾರದು.

ಆದರೆ ಜನ ಹೆದರಬೇಕಾದದ್ದು ಕೆಮಿಕಲ್‌ಗಲ್ಲ, ಕಾಗದಕ್ಕೆ.

ದುಬಾರಿ ಕಾಗದದ ಮೇಲೆಲ್ಲ "ಆಸಿಡ್ ಫ್ರೀ" ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಕಾಗದ ಹಳದಿಯಾಗದೆ ಬಹಳ ಕಾಲ ಬಾಳಲಿ ಅಂತ ಎಷ್ಟೋ ಕಡೆ ಅದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ, ಅಂದರೆ ಸೀಮೆಸುಣ್ಣದ ಜಾತಿಯ ಪುಡಿ. ಅದು ಕ್ಷಾರ, ನಮ್ಮ ನೀಲಿಗೆ ಕ್ಷಾರ ಕಂಡರೆ ಆಗೋದಿಲ್ಲ. ಹಾಗಾಗಿ ಕಾಗದ ನೂರು ವರ್ಷ ಬಾಳುತ್ತದೆ, ಚಿತ್ರ ತೊಳೆಯುವಾಗಲೇ ಪೇಲವವಾಗುತ್ತದೆ. ಕಾಸು ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಸುಣ್ಣ ಕೊಂಡ ಹಾಗಾಯಿತಲ್ವಾ? ಸುಣ್ಣ ಬೆರೆಸದ ಕಾಗದವೂ ಸಿಗುತ್ತದೆ. ಪ್ಲಾಟಿನಂ ಲೋಹದಲ್ಲಿ ಫೋಟೋ ಮೂಡಿಸುವವರಿಗೆಂದೇ ಫ್ರಾನ್ಸ್, ಜರ್ಮನಿಯಲ್ಲಿ ತಯಾರಾಗುತ್ತದೆ. ಅದರ ಬೆಲೆ ಅಮ್ಮನಿಗೆ ಗೊತ್ತಾದರೆ ಸೈನೈಡ್ ವಿಷಯ ಮರೆತೇಹೋಗುತ್ತದೆ.

ಬಡವರ ಮದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ನೀರಲ್ಲಿ ಕರಗಿಸಿ, ಟ್ರೇನಲ್ಲಿ ಕಾಗದ ಮುಳುಗಿಸಿ, ಹತ್ತಿರ ಬಗ್ಗಿ ನೋಡಬೇಕು. ಮೊದಲು ಅಂಚಿನಲ್ಲಿ, ಆಮೇಲೆ ಮೈಮೇಲೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು ಕೂರುತ್ತವೆ. ಬೆರಳಲ್ಲಿ ಸವರಿದರೆ ಹೋಗಿ ಮತ್ತೆ ಬರುತ್ತವೆ. ಸುಣ್ಣ ಸಾಯುತ್ತಿದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ತೊಳೆದು ಒಣಗಿಸಿ ಬಳಿದರೆ ಬಣ್ಣ ನಿಲ್ಲುತ್ತದೆ. ಪಕ್ಕದ ಮನೆ ಆಂಟಿ ಟೆರೇಸ್ ಗೋಡೆಯಾಚೆಯಿಂದ ನೋಡಿ, "ಏನಪ್ಪಾ, ಕಾಗದಕ್ಕೆ ಉಪ್ಪಿನಕಾಯಿ ಹಾಕ್ತಿದ್ದೀಯ?" ಅಂದರು. ತಪ್ಪೇನೂ ಹೇಳಲಿಲ್ಲ.

ಅಗ್ಗದ ಡ್ರಾಯಿಂಗ್ ಶೀಟಿನ ಕಥೆಯೇ ಬೇರೆ. ನೀರು ಕಂಡರೆ ಕರಗುವ ಸ್ವಭಾವ. ಅದರ ಮೇಲೆ ಸೋದರಮಾವನ ಚಿತ್ರ ಮೊದಲ ಸಲ ಚೆನ್ನಾಗಿಯೇ ಬಂತು. ತೊಳೆಯುವಾಗ ಹಳದಿ ಬಿಟ್ಟಿತು, ನೀಲಿ ಮೂಡಿತು, ಮೀಸೆ ಬಂತು, ಕನ್ನಡಕ ಬಂತು, ಅಷ್ಟರಲ್ಲಿ ಮೂಗು ಬಿಟ್ಟುಕೊಂಡು ಬಕೆಟ್‌ನಲ್ಲಿ ತೇಲತೊಡಗಿತು. ಇನ್ನು ಸೈಜಿಂಗ್, ಅಂದರೆ ಕಾಗದಕ್ಕೆ ಹಾಕುವ ಜೆಲಟಿನ್ ಅಥವಾ ಗಂಜಿ. ಅದು ಕಮ್ಮಿಯಾದರೆ ದ್ರಾವಣ ಒಳಗಿಳಿದು ಚಿತ್ರ ಮಂಕಾಗುತ್ತದೆ, ಹಳದಿ ಎಷ್ಟು ತೊಳೆದರೂ ಹೋಗುವುದಿಲ್ಲ. ಜಾಸ್ತಿಯಾದರೆ ಬಳಿದದ್ದೆಲ್ಲ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಓಡಾಡುತ್ತದೆ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಮಾಡುವ ಕಾಗದವಿದೆ. ಒದ್ದೆಯಾದರೂ ಗಟ್ಟಿ. ಅದರ ಮೇಲೆ ಮಾವನ ಮೂಗು ಭದ್ರವಾಗಿ ಕೂತಿತು.

ಭದ್ರವಾಗಿ ಕೂತ ಮೂಗಿನ ಮೇಲೆ ನೀಲಿ ಚುಕ್ಕೆಗಳು. ಬ್ರಷ್ಷಿನ ಕೂದಲು ಹಿಡಿದಿರುವ ತಗಡಿನ ಪಟ್ಟಿಯ ಕಬ್ಬಿಣ ದ್ರಾವಣಕ್ಕೆ ತಾಗಿದರೆ ಬಿಸಿಲಿಗೆ ಮೊದಲೇ ನೀಲಿಯಾಗುತ್ತದಂತೆ. ಅರವತ್ತೈದರ ಮಾವನಿಗೆ ಮೊಡವೆ! ಮರದ ಹಿಡಿಯ, ಲೋಹವಿಲ್ಲದ ಜಪಾನಿ ಬ್ರಷ್ ಬಂದ ಮೇಲೆ ಮುಖ ತಿಳಿಯಾಯಿತು.

ನೆಗೆಟಿವ್‌ಗೆ ಜೆರಾಕ್ಸ್ ಅಂಗಡಿಯೇ ಗತಿ. ಕಪ್ಪು ಬಿಳಿ ಅದಲುಬದಲಾದ ಮಾವನನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಪಾರದರ್ಶಕ ಶೀಟ್ ಮೇಲೆ ಪ್ರಿಂಟ್ ಕೊಡಪ್ಪ ಅಂತ ಹೇಳಿ ಟೀ ಕುಡಿದು ಬರುವಷ್ಟರಲ್ಲಿ ಹುಡುಗ ಉಪಕಾರ ಮಾಡಿದ್ದ. "ಸಾರ್, ಫೋಟೋ ಉಲ್ಟಾ ಬಂದಿತ್ತು, ನಾನೇ ಸರಿ ಮಾಡ್ದೆ. ಅದಕ್ಕೆ ದುಡ್ಡು ಬೇಡ ಬಿಡಿ." ಬೈಯೋದು ಹೇಗೆ ಹೇಳಿ?

ಕಾಗದ ಗೆದ್ದರೆ ನೀರು ಕಾಯುತ್ತಿರುತ್ತದೆ. ಬೋರ್‌ವೆಲ್ ನೀರು ಗಡಸು, ಅದರಲ್ಲೂ ಅದೇ ಕ್ಷಾರ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಅದನ್ನು ಫೋಟೋ ತೊಳೆಯೋಕೆ ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಮೊದಲ ತೊಳೆತಕ್ಕೆ ಒಂದಿಷ್ಟು ವಿನೆಗರ್ ಹಾಕಿದರೆ ಬೋರ್‌ವೆಲ್ಲೂ ಹದಕ್ಕೆ ಬರುತ್ತದೆ. ಕೊನೆಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಬಿಟ್ಟ ನೀರಿಗೆ ಅದ್ದಿದರೆ, ಒಂದು ದಿನ ಗಾಳಿಗೆ ಬಿಟ್ಟು ಬರಬೇಕಾದ ಕಡುನೀಲಿ ಕಣ್ಣೆದುರೇ ಬಂದುಬಿಡುತ್ತದೆ. ಸುಮ್ನೆ ಅದನ್ನು ನೋಡೋಕೆ ನಾನು ಇಷ್ಟೆಲ್ಲ ಮಾಡುವುದು.

ಅಂಥ ಒಂದು ಗಳಿಗೆಯಲ್ಲಿ ಗಾಳಿ ಬೀಸಿ ಅಪ್ಪನ ಬಿಳಿ ಪಂಚೆ ತಂತಿಯಿಂದ ಟ್ರೇಗೆ ಇಳಿಯಿತು. ಅಮ್ಮ ಸೋಪಿನ ಪುಡಿ ಹಾಕಿ ಉಜ್ಜಿದರು. ನೀಲಿ ಮಂಗಮಾಯ. ಗೆದ್ದೆವು ಅಂದುಕೊಂಡರೆ, ಅದೇ ಜಾಗದಲ್ಲಿ ತುಕ್ಕಿನ ಹಳದಿ ಕಲೆ. ಸೋಪೂ ಕ್ಷಾರವೇ. ನೀಲಿಯನ್ನು ಒಡೆಯುತ್ತದೆ, ಕಬ್ಬಿಣವನ್ನು ಅಲ್ಲೇ ಬಿಟ್ಟುಹೋಗುತ್ತದೆ.

ಅಪ್ಪ ಪಂಚೆ ಬಗ್ಗೆ ಏನೂ ಅನ್ನಲಿಲ್ಲ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಮಾವನ ನೀಲಿ ಮುಖವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಫೆರೋ ಪ್ರಿಂಟ್ ಅಲ್ವೇನೋ! ಆಫೀಸಲ್ಲಿ ಕಟ್ಟಡದ ನಕ್ಷೆಗಳನ್ನೆಲ್ಲ ಹೀಗೇ ಅಟೆಂಡರ್ ತೆಗೀತಿದ್ದ," ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಕೆಳಗಿನ ಬಲಮೂಲೆಯಲ್ಲಿ ಹುಡುಕತೊಡಗಿದರು.

"ಸ್ಕೇಲ್ ಎಲ್ಲೋ ಹಾಕಿದ್ದೀಯ?"