ಸಭೆಯಲ್ಲಿ ಪಾಸಾದ ಮಾತ್ರಕ್ಕೆ ಕಾನೂನು ಅಲ್ಲ

"ಮಲಯಾಳ ಭಾಷಾ ಮಸೂದೆಗೆ ಶಾಸಕರು ಕೇರಳ ವಿಧಾನಸಭೆಯಲ್ಲಿ ಕೈ ಎತ್ತಿದರೆ ಮುಗೀತು, ಮರುದಿನದಿಂದಲೇ ಕಾಸರಗೋಡಿನಲ್ಲಿ ಕನ್ನಡ ಅರ್ಜಿ ತಗೊಳ್ಳೋದಿಲ್ಲ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಓದದೆ ನಾನೂ ಎರಡು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ನಿನ್ನೆ ಬದಿಯಡ್ಕದ ಚಿಕ್ಕಮ್ಮ ಫೋನ್ ಮಾಡಿ, ಕನ್ನಡದಲ್ಲಿ ಬರೆದಿಟ್ಟ ಅರ್ಜಿಯನ್ನ ಹರಿದು ಹಾಕಲಾ ಅಂತ ಕೇಳಿದರು. ಆಗ ನನಗೆ ನಿಜಕ್ಕೂ ಬೇಜಾರಾಯಿತು.

ಕೇರಳದಲ್ಲಿ ಇರೋದು ಒಂದೇ ಸದನ, 140 ಚುನಾಯಿತ ಶಾಸಕರು, ನಮ್ಮ ಜಿಲ್ಲೆಯಿಂದ ಐವರು. ಮಸೂದೆ ಮಂಡನೆಯಾದ ಮೇಲೆ ಸಾಮಾನ್ಯವಾಗಿ ವಿಷಯ ಸಮಿತಿಗೆ ಹೋಗುತ್ತೆ, ಅಲ್ಲಿ ಶಾಸಕರು ಕೂತು ಒಂದೊಂದು ಕಲಮನ್ನೂ ನೋಡಿ ತಿದ್ದುಪಡಿ ಸೂಚಿಸ್ತಾರೆ, ನಮ್ಮ ಮಾತು ಮುಟ್ಟಬೇಕಾದ್ದು ಆ ಹಂತದಲ್ಲೇ. ಆಮೇಲೆ ಸಭೆ ಪಾಸ್ ಮಾಡಬೇಕು. ಅದಾದ ಮೇಲೂ ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರ ಒಪ್ಪಿಗೆ ಬೇಕು, ಅವರು ಅದನ್ನ ರಾಷ್ಟ್ರಪತಿಗೂ ಕಳಿಸಬಹುದು. 2015ರಲ್ಲಿ ಸಭೆ ಪಾಸ್ ಮಾಡಿದ ಮಲಯಾಳ ಭಾಷಾ ಮಸೂದೆ ಹಾಗೆ ಹೋಗಿ ರಾಷ್ಟ್ರಪತಿಗಳ ಒಪ್ಪಿಗೆ ಸಿಗದೆ ನಿಂತಿತು, ಕಾನೂನಾಗಲೇ ಇಲ್ಲ.

ಇನ್ನು ಅರ್ಜಿ ವಿಷಯ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು ಅಂತ ಇದೆ. ಒಂದು ಕಾಯ್ದೆಯನ್ನ ಬದಲಿಸಬೇಕಾದರೂ ಮೇಲೆ ಹೇಳಿದ ದಾರಿಯೇ ಅಲ್ವಾ?

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ. ಚಿಕ್ಕಮ್ಮನ ಅರ್ಜಿ ಕನ್ನಡದಲ್ಲೇ ಸೋಮವಾರ ಹೋಗುತ್ತೆ.