ಹಳೇ ಲಾರಿಗೆ ಪೇಂಟ್ ಜೊತೆಗೆ ಬೀಡಿಂಗ್ ಕೂಡ ಹಾಕಿಸಿ

8 ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಹಾಗಾಗಿ ನಮ್ಮ ಬೆಂಗಳೂರಿನ ಮಾಲೀಕರು ವರ್ಷಕ್ಕೊಂದು ಸಲ ಟಿಂಕರಿಂಗ್, ಪುಟ್ಟಿ, ಪೇಂಟ್, ರಿಫ್ಲೆಕ್ಟರ್ ಟೇಪ್ ಅಂತ ಖರ್ಚು ಮಾಡುತ್ತಾರೆ. ಮಾಡಲೇಬೇಕು, ತಪ್ಪಿಲ್ಲ. ಆದರೆ ಪೇಂಟ್ ಆಗಿ ಹೊರಗೆ ಬಂದ ಅದೇ ಗಾಡಿಯ ಡ್ರೈವರ್ ಸೀಟಲ್ಲಿ ಒಮ್ಮೆ ಕೂತು, ಬಾಗಿಲು ಹಾಕಿಕೊಂಡು ನೋಡಿ. ಬಾಗಿಲಿನ ಸಂದು ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹಾಳಾಗಿ ಸುತ್ತಲೂ ಬೆಳಕು ಕಾಣುತ್ತದೆ. ಪೆಡಲ್ ಹತ್ತಿರ ಬಗ್ಗಿದರೆ ರಸ್ತೆಯೇ ಕಾಣುತ್ತದೆ. ಮಳೆ ಬಂದರೆ ಬಲಗಡೆ ಮೊಣಕಾಲು ಒದ್ದೆ, ಬಿಸಿಲಿಗೆ ಧೂಳು, ರಾತ್ರಿ ಸೊಳ್ಳೆ. ಸಿಟಿ ಒಳಗೆ ಹಗಲು ಹೊತ್ತು ಬಿಡಲ್ಲ ಅಂತ ತುಮಕೂರು ರಸ್ತೆಯಲ್ಲೋ ಹೊಸೂರು ರಸ್ತೆಯಲ್ಲೋ ಗಂಟೆಗಟ್ಟಲೆ ಗಾಡಿ ನಿಲ್ಲಿಸಿಕೊಂಡು ಕಾಯುವ ಡ್ರೈವರ್ ಊಟ, ನಿದ್ದೆ ಎಲ್ಲಾ ಆ ಕ್ಯಾಬಿನ್‌ನಲ್ಲೇ ಅಲ್ವಾ? ಅದು ಅವನ ಮನೆ ಇದ್ದ ಹಾಗೆ.

ನಮ್ಮ ಮನೆಯಲ್ಲಿ ಇರುವುದು ಹಳೇ 407 ಗಾಡಿಗಳು. ಟಾಟಾ 407 ಬಂದಿದ್ದು 1986ರಲ್ಲಿ, ಇವತ್ತಿಗೂ ಪೀಣ್ಯದಲ್ಲಿ, ಯಶವಂತಪುರ ಎಪಿಎಂಸಿಯಲ್ಲಿ ಎಲ್ಲಿ ನೋಡಿದರೂ ಅವೇ. ಅದರ ಇಂಜಿನ್ ಅರ್ಧ ಕ್ಯಾಬಿನ್ ಒಳಗೇ ಇರುತ್ತದೆ. ಇಂಜಿನ್ ಮೇಲಿನ ಮುಚ್ಚಳದ ಅಂಚಿನ ರಬ್ಬರ್ ಹೋಗಿದ್ದರೆ ಬಿಸಿ ಗಾಳಿಯೂ ಹೊಗೆಯೂ ನೇರವಾಗಿ ಡ್ರೈವರ್ ಕಾಲಿಗೆ, ಮೂಗಿಗೆ. "ಅಣ್ಣಾ, ಎಡಗಾಲು ಬೇಯುತ್ತೆ" ಅಂತ ಡ್ರೈವರ್ ಹೇಳಿದರೆ ಹಳೇ ಗಾಡಿ ಅಲ್ವಾ, ಹಂಗೇ ಇರುತ್ತೆ ಅಂತ ಸುಮ್ಮನಾಗಿಬಿಡುತ್ತೇವೆ. ಸುಮ್ಮನಾಗಬಾರದು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ತಂಬಾಕಿನ ಹೊಗೆ ಇರುವ ಗುಂಪಿಗೇ ಅದನ್ನೂ ಸೇರಿಸಿದೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದರ ಪಕ್ಕದಲ್ಲೇ ಕೂರುವವನಿಗೆ ಒಂದು ರಬ್ಬರ್ ಪಟ್ಟಿ ಹಾಕಿಸಿಕೊಡಲು ನಾವು ಯಾಕೆ ಹಿಂದೆ ಮುಂದೆ ನೋಡಬೇಕು?

ಹೊಸ ಲಾರಿಗಳಿಗೆ 2025ರಿಂದ ಎ.ಸಿ. ಕ್ಯಾಬಿನ್ ಕಡ್ಡಾಯ ಆಗಿದೆ, ಮೂರೂವರೆ ಟನ್‌ಗಿಂತ ಮೇಲಿನ ಗೂಡ್ಸ್ ಗಾಡಿಗಳಿಗೆ. ತುಂಬಾ ಒಳ್ಳೆಯ ಕೆಲಸ. ಆದರೆ ಅದು ಹೊಸದಾಗಿ ತಯಾರಾಗುವ ಗಾಡಿಗೆ ಮಾತ್ರ. ಈಗಾಗಲೇ ರಸ್ತೆಯಲ್ಲಿರುವ ಹಳೇ ಗಾಡಿ, ಅದರಲ್ಲೂ ಬರೀ ಚಾಸಿ (ಇಂಜಿನ್, ಚಕ್ರ ಇರುವ ತಳದ ಚೌಕಟ್ಟು) ತಂದು ಬಾಡಿ ಕಟ್ಟುವವರ ಹತ್ತಿರ ಕ್ಯಾಬಿನ್ ಕಟ್ಟಿಸಿದ ಗಾಡಿಗಳ ಡ್ರೈವರ್‌ಗಳಿಗೆ ಅದರಿಂದ ಏನೂ ಸಿಗಲ್ಲ. ಅವರ ಪಾಲಿಗೆ ಮಾಲೀಕನೇ ಕಾನೂನು.

ಇನ್ನು ಕೆಲಸದ ವಿಷಯ. ಬೀಡಿಂಗ್ ಹಾಕಿಸುತ್ತೇನೆ ಅಂತ ಹೊರಟವರೂ ಸೀದಾ ರಬ್ಬರ್ ತರಲು ಹೋಗುತ್ತಾರೆ. ಮೊದಲು ನೋಡಬೇಕಾಗಿದ್ದು ಹಿಂಜ್, ಅಂದರೆ ಬಾಗಿಲು ತಿರುಗುವ ಕೀಲು. ಬಾಗಿಲನ್ನು ಅರ್ಧ ತೆರೆದು, ಹ್ಯಾಂಡಲ್ ಇರುವ ತುದಿಯಲ್ಲಿ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಟಕ್ ಅಂತ ಅಲ್ಲಾಡಿದರೆ ಹಿಂಜ್ ಪಿನ್ನು, ಅದು ಕೂರುವ ಬಳೆಯಂಥ ಬುಷ್ ಸವೆದಿದೆ ಅಂತ ಅರ್ಥ. ಹಳೇ ಪಿನ್ ಬಿಚ್ಚಿ ಬೆರಳಲ್ಲಿ ಸವರಿದರೆ ಒಂದು ಪಕ್ಕ ಹಳ್ಳ ಬಿದ್ದಿರುವುದು ಗೊತ್ತಾಗುತ್ತದೆ. ಬುಷ್ ತೂತು ಗುಂಡಗಿರಲ್ಲ, ಮೊಟ್ಟೆ ಆಕಾರಕ್ಕೆ ಬಂದಿರುತ್ತದೆ. ಇಂಥ ಬಾಗಿಲು ಹಿಂದುಗಡೆ ಕೆಳಕ್ಕೆ ಜೋತು ಬೀಳುತ್ತದೆ. ಮೇಲೆ ಸಂದು ಜಾಸ್ತಿ, ಕೆಳಗೆ ತಗುಲುತ್ತಿರುತ್ತದೆ. ಅದಕ್ಕೆ ಎಷ್ಟು ದಪ್ಪ ರಬ್ಬರ್ ಹಾಕಿದರೂ ದಂಡ. ಪಿನ್ನು, ಬುಷ್ ಬದಲಾಯಿಸಿ, ಲಾಕ್ ಕೂರುವ ಜಾಗ ಸರಿ ಮಾಡಿಸಿ, ಕ್ಯಾಬಿನ್ ಕೆಳಗಿನ ಮೌಂಟಿಂಗ್ ರಬ್ಬರ್‌ಗಳು ಕುಸಿದಿವೆಯಾ ಅಂತ ನೋಡಿಸಿ. ಕ್ಯಾಬಿನ್ ಒಂದು ಕಡೆ ಕುಸಿದಿದ್ದರೆ ಬಾಗಿಲಿನ ಚೌಕಟ್ಟೇ ಸೊಟ್ಟ ಆಗಿರುತ್ತದೆ.

ಇದಾದ ಮೇಲೆ ಸಂದಿನ ಅಳತೆ. ಮಕ್ಕಳು ಆಡುವ ಕ್ಲೇ ತಗೊಂಡು ಸಣ್ಣ ಸಣ್ಣ ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಚೌಕಟ್ಟಿನ ಅಲ್ಲಲ್ಲಿ ಅಂಟಿಸಿ ಬಾಗಿಲು ಹಾಕಿ. ತೆಗೆದು ನೋಡಿದರೆ ಯಾವ ಜಾಗದಲ್ಲಿ ಎಷ್ಟು ಸಂದು ಅಂತ ಆ ಉಂಡೆಯ ದಪ್ಪವೇ ಹೇಳುತ್ತದೆ. ಒಂದು ಮೂಲೆಯಲ್ಲಿ 5 ಮಿ.ಮೀ. ಇದ್ದದ್ದು ಇನ್ನೊಂದು ಮೂಲೆಯಲ್ಲಿ 12 ಇರಬಹುದು, ಹಳೇ ಗಾಡಿಯಲ್ಲಿ ಇದು ಮಾಮೂಲಿ. ಬಾಗಿಲು ಹಾಕಿದಾಗ ರಬ್ಬರ್ ಮೂರರಲ್ಲಿ ಒಂದು ಭಾಗದಷ್ಟು ಅಮುಕಿಕೊಂಡರೆ ಚೆನ್ನಾಗಿ ಕೂರುತ್ತದೆ. 8 ಮಿ.ಮೀ. ಸಂದಿಗೆ 12 ಮಿ.ಮೀ. ಬೀಡಿಂಗ್ ಲೆಕ್ಕ ಹಾಕಿಕೊಳ್ಳಿ. ಇನ್ನೂ ದಪ್ಪ ಹಾಕಿದರೆ ಒಳ್ಳೆಯದು ಅಂತ ಹಾಕಿಸಬೇಡಿ. ಬಾಗಿಲು ಸರಿಯಾಗಿ ಲಾಕ್ ಆಗಲ್ಲ, ಡ್ರೈವರ್ ದಿನಾ ದಬಾರ್ ಅಂತ ಹಾಕಬೇಕು, ಹೊಸ ಹಿಂಜ್ ಮತ್ತೆ ಹಾಳು. ಓಡುವ ಗಾಡಿಯಲ್ಲಿ ಬಾಗಿಲು ತೆರೆದುಕೊಂಡರೆ ಏನು ಗತಿ?

ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಲ್ಲಿ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂಚಿಗೆ ಕಚ್ಚಿಕೊಂಡು ಕೂರುವುದು ಒಂದು ಥರ, ಹಿಂದೆ ಗಮ್ ಟೇಪ್ ಇರುವುದು ಇನ್ನೊಂದು. ಅಂಚಿನ ತಗಡು ಗಟ್ಟಿ ಇದ್ದರೆ ಮೊದಲನೆಯದೇ ವಾಸಿ. ತುಕ್ಕು ಹಿಡಿದಿದ್ದರೆ ಮೊದಲು ಆ ತುಕ್ಕು ತೆಗೆಸಿ, ರಬ್ಬರ್ ಕೆಳಗೆ ಮುಚ್ಚಿಡಬೇಡಿ. ಸ್ಪಂಜ್ ಥರ ಇರುವುದನ್ನು ಕೊಡುತ್ತಿದ್ದರೆ ಒಂದು ತುಂಡು ನೀರಲ್ಲಿ ಅದ್ದಿ ಹಿಂಡಿ ನೋಡಿ. ನೀರು ಕುಡಿಯುವ ಸ್ಪಂಜ್ ಬೇಡವೇ ಬೇಡ, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ಇಡೀ ಮಳೆಗಾಲ ತಗಡನ್ನು ತೇವದಲ್ಲೇ ಇಡುತ್ತದೆ. ಬಾಗಿಲಿಗೆ ಇ.ಪಿ.ಡಿ.ಎಂ. ರಬ್ಬರ್ ಕೇಳಿ ತಗೊಳ್ಳಿ, ಬಿಸಿಲು ಮಳೆಗೆ ಬೇಗ ಬಿರುಕು ಬಿಡಲ್ಲ. ಆದರೆ ಇಂಜಿನ್ ಮುಚ್ಚಳಕ್ಕೆ ಅದೇ ರಬ್ಬರ್ ಹಾಕಬೇಡಿ, ಡೀಸೆಲ್, ಆಯಿಲ್ ತಗುಲಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಅಲ್ಲಿಗೆ ನಿಯೋಪ್ರೀನ್ ಅಥವಾ ನೈಟ್ರೈಲ್ ರಬ್ಬರ್ ಬೇಕು. ಎಲ್ಲಾ ಕಪ್ಪು ರಬ್ಬರೂ ಒಂದೇ ಅನ್ನುವವರ ಮಾತು ಕೇಳಬೇಡಿ.

ಅಂಟಿಸುವಾಗ ಹಳೇ ಗಮ್ ಪೂರ್ತಿ ಕೆರೆದು ತೆಗೆಯಬೇಕು. ಎಳೆದು ಎಳೆದು ಅಂಟಿಸಬಾರದು, ಆಮೇಲೆ ಕುಗ್ಗಿ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಎರಡು ತುದಿ ಸೇರುವ ಜಾಗ ಬಾಗಿಲಿನ ಕೆಳಗಡೆ ಬರಲಿ, ಮೇಲೆ ಬೇಡ. ಹಿಂಜ್ ಕೆಲಸ ಪೇಂಟಿಗೆ ಮುಂಚೆ, ಬೀಡಿಂಗ್ ಪೇಂಟ್ ಪೂರ್ತಿ ಒಣಗಿದ ಮೇಲೆ.

ನನಗೆ ನಿಜವಾಗಿ ಸಿಟ್ಟು ಬರುವುದು ಸಿಲಿಕಾನ್ ಟ್ಯೂಬ್ ಹಿಡಿದು ಕಂಡ ಕಂಡ ಸಂದಿಗೆಲ್ಲಾ ತುಂಬುವ ಕೆಲಸ ನೋಡಿದಾಗ. ಪರಿಚಯದವರ ಒಂದು ಲಾರಿಗೆ ಹೀಗೇ ಮಾಡಿದ್ದರು. ಬಾಗಿಲಿನ ತಳದಲ್ಲಿ ಉದ್ದಕ್ಕೂ ಸಿಲಿಕಾನ್. ಬಾಗಿಲು ಅಲ್ಲಾಡಿಸಿದರೆ ಒಳಗೆ ಗುಳುಗುಳು ಅಂತ ನೀರಿನ ಸದ್ದು. ಕಿಟಕಿ ಗ್ಲಾಸಿನ ಪಕ್ಕದಿಂದ ಮಳೆ ನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದು ಹೊರಗೆ ಹೋಗಲಿ ಅಂತಲೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವನ್ನೇ ಮುಚ್ಚಿಬಿಟ್ಟಿದ್ದರು. ಸ್ಕ್ರೂಡ್ರೈವರ್ ಹಾಕಿ ಕೆರೆದಾಗ ಕೆಂಪು ನೀರು ಸುರಿಯಿತು, ತಳದ ತಗಡು ಬೆರಳಿಗೆ ಪುಡಿಯಾಗಿ ಬಂತು. ವಿನೆಗರ್ ವಾಸನೆ ಬರುವ ಆ ಸಿಲಿಕಾನ್‌ನಲ್ಲಿ ಆಸಿಡ್ ಇರುತ್ತದೆ, ಬರೀ ತಗಡಿಗೆ ಅದೇ ತುಕ್ಕು ತರುತ್ತದೆ. ಅದರ ಮೇಲೆ ಪೇಂಟೂ ಹಿಡಿಯಲ್ಲ. ಪುಟ್ಟಿಯೂ ಅಷ್ಟೇ. ಮಡ್‌ಗಾರ್ಡ್ ಮತ್ತು ಬಾಡಿ ನಡುವಿನ ಸಂದು ಗಾಡಿ ಓಡುವಾಗ ಅಲ್ಲಾಡುತ್ತಲೇ ಇರುತ್ತದೆ, ಪುಟ್ಟಿ ತುಂಬಿದರೆ ಬಿರುಕು ಬಿಡುತ್ತದೆ. ಬೋಲ್ಟ್ ಸಡಿಲಿಸಿ ನಡುವೆ ರಬ್ಬರ್ ಪಟ್ಟಿ ಕೂರಿಸಿ ಬಿಗಿ ಮಾಡಿಸಿ, ಕಿರಗುಟ್ಟುವ ಸದ್ದೂ ಹೋಗುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಸೈಲೆನ್ಸರ್ ಪೈಪ್ ಎಲ್ಲಾದರೂ ಲೀಕ್ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಆಮೇಲೆ ಕ್ಯಾಬಿನ್ ಬಿಗಿ ಮಾಡಿಸಿ. ಒಳಗೆ ಬಂದ ಹೊಗೆ ಹೊರಗೆ ಹೋಗದೆ ನಿಂತರೆ ಮೊದಲಿಗಿಂತ ಅಪಾಯ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಹೊರಗಿನ ಗಾಳಿ ಬರುವ ದಾರಿಗಳನ್ನು ಮುಚ್ಚಬೇಡಿ. ಇಂಜಿನ್ ಆನ್ ಇಟ್ಟು ಗ್ಲಾಸ್ ಏರಿಸಿಕೊಂಡು ಮಲಗಬೇಡ ಅಂತ ಡ್ರೈವರ್‌ಗೆ ಹೇಳಿ, ಕ್ಲೀನರ್ ಹುಡುಗನಿಗೂ ಹೇಳಿ.

ಗಾಡಿ ಯಾವುದು, ಸಂದು ಎಷ್ಟಿದೆ ಅಂತ ಅಳತೆ ಕಳಿಸಿ. ಯಾವ ರಬ್ಬರ್, ಯಾವ ಸೈಜ್ ಅಂತ ನನಗೆ ತಿಳಿದಷ್ಟು ಖಂಡಿತ ಹೇಳುತ್ತೇನೆ. ಅಳತೆ ತೆಗೆಯುವಾಗ ಡ್ರೈವರನ್ನೂ ಜೊತೆಗೆ ಕರೆದುಕೊಳ್ಳಿ, ಗಾಳಿ ಎಲ್ಲಿಂದ ಹೊಡೆಯುತ್ತದೆ, ನೀರು ಎಲ್ಲಿ ಇಳಿಯುತ್ತದೆ ಅನ್ನೋದು ಗೊತ್ತಿರುವುದು ಅವನಿಗೇ.