‘ನೀವು ಆಡಿ, ಸಾಕು’ ಅನ್ನುವವರಿಗೆ

ಕ್ರೀಡಾ ಸಂಸ್ಥೆಗಳ ಬಗ್ಗೆ ಈಗಷ್ಟೇ ಟಿವಿಯಲ್ಲಿ ಒಂದು ಚರ್ಚೆ ನೋಡಿದೆ. ಮೈಯೆಲ್ಲ ಉರಿಯುತ್ತಿದೆ. ಕೂತಿದ್ದವರೆಲ್ಲ ಗಂಡಸರು. "ಹೆಣ್ಣುಮಕ್ಕಳು ಚೆನ್ನಾಗಿ ಆಡ್ತಾರೆ, ಆಡಲಿ. ಆಡಳಿತಕ್ಕೆ ಬೇರೆ ತಲೆ ಬೇಕು" ಅಂದರು ಒಬ್ಬರು. ಉಳಿದವರು ತಲೆ ಆಡಿಸಿದರು, ಆ ಬೇರೆ ತಲೆಯನ್ನೇ ಇರಬೇಕು.

ಅನಿತಾ ಡಿಫ್ರಾಂಟ್ಜ್ ಹೆಸರಾದರೂ ಕೇಳಿದ್ದಾರಾ ಇವರು? ಅಮೆರಿಕದ ಕಪ್ಪು ಹೆಣ್ಣುಮಗಳು. ದೋಣಿಯ ಹುಟ್ಟು ಹಿಡಿದದ್ದೇ ಕಾಲೇಜಿಗೆ ಬಂದ ಮೇಲೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ರೋಯಿಂಗ್ ಶುರುವಾದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅದೂ ಗಂಡಸರಿಗೆ 2000 ಮೀಟರ್, ಹೆಂಗಸರಿಗೆ 1000. ಪಾಪ, ಸುಸ್ತಾಗುತ್ತೆ ಅಲ್ವಾ! ಎಂಟು ಜನರ ದೋಣಿಯಲ್ಲಿ ಇವರ ತಂಡ ಕಂಚು ಗೆದ್ದಿತು. ಮರುವರ್ಷ ಕಾನೂನು ಪದವಿ.

1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಯಾರೂ ಹೋಗಬಾರದು ಅಂತ ಅಧ್ಯಕ್ಷ ಕಾರ್ಟರ್ ಪಟ್ಟು ಹಿಡಿದರು. ಅಮೆರಿಕದ ಒಲಿಂಪಿಕ್ ಸಮಿತಿ ತೆಪ್ಪಗೆ ಒಪ್ಪಿಕೊಂಡಿತು. ಅನಿತಾ ಒಪ್ಪಲಿಲ್ಲ. ತಮ್ಮದೇ ಸಮಿತಿಯ ಮೇಲೆ ಕೇಸು ಹಾಕಿದರು. ಸೋತರು, ಒಲಿಂಪಿಕ್ಸೂ ಕೈತಪ್ಪಿತು. ಇವರಿಗೆ ಆಡಳಿತ ತಿಳಿಯಲ್ಲವಂತೆ!

ನನ್ನದೂ ಒಂದು ಕಥೆ ಇದೆ, ನಾನೂ ಆಡಿದವಳೇ. ಆಟ ಬಿಟ್ಟ ಮೇಲೆ ಒಂದು ಸಮಿತಿಗೆ ನನ್ನನ್ನೂ ಸೇರಿಸಿಕೊಂಡರು. ಖರ್ಚಿನ ಲೆಕ್ಕ ಕೇಳಿದೆ. "ಅದೆಲ್ಲ ನಿಮಗ್ಯಾಕೆ ಮೇಡಂ, ಬಹುಮಾನದ ದಿನ ತಟ್ಟೆ ಹಿಡ್ಕೊಳ್ಳಿ" ಅಂದರು. ಹಿಡಿದುಕೊಂಡೆ. ಫೋಟೊಗೆ ನಕ್ಕೆ ಕೂಡ. ಆ ನಗು ನೆನೆಸಿಕೊಂಡರೆ ಇವತ್ತಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅನಿತಾ ತಟ್ಟೆ ಹಿಡಿಯುವವರಲ್ಲ. 1894ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೆಂಗಸರನ್ನು ಸದಸ್ಯರಾಗಿ ಒಳಗೆ ಬಿಟ್ಟದ್ದೇ 1981ರಲ್ಲಿ. 1986ರಲ್ಲಿ ಇವರು ಸೇರಿದರು. 1997ರಲ್ಲಿ ಅದರ ಮೊದಲ ಮಹಿಳಾ ಉಪಾಧ್ಯಕ್ಷೆ. 2017ರಲ್ಲಿ ಮತ್ತೆ ಅದೇ ಹುದ್ದೆ.

ಆಡಿದವರೆಲ್ಲ ಒಳ್ಳೆ ಆಡಳಿತಗಾರರಾಗಲ್ಲ ಅಂತ ಕಾಮೆಂಟ್ ಹಾಕಲು ಹೊರಟಿದ್ದೀರಿ, ಗೊತ್ತು. ಸರಿ, ಆಗಲ್ಲ. ಆಡದೆ ಬಂದು ಕುರ್ಚಿ ಹಿಡಿದವರೆಲ್ಲ ಆಗಿದ್ದಾರಾ? ಆ ಪ್ರಶ್ನೆ ಮಾತ್ರ ಯಾರೂ ಕೇಳಲ್ಲ.

2001ರಲ್ಲಿ ಅನಿತಾ ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಸ್ಥಾನಕ್ಕೇ ನಿಂತರು. ಹಾಗೆ ನಿಂತ ಮೊದಲ ಹೆಂಗಸು. ಮೊದಲ ಸುತ್ತಿನಲ್ಲೇ ಹೊರಬಿದ್ದರು. 2025ರಲ್ಲಿ ಅದೇ ಸ್ಥಾನಕ್ಕೆ ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕೊವೆಂಟ್ರಿ ನಿಂತರು, ಆರು ಜನ ಗಂಡಸರ ಎದುರು. ಮೊದಲ ಸುತ್ತಿನಲ್ಲೇ ಗೆದ್ದರು.